ಕಲಬುರಗಿ ಬಿಸಿಲಿನಲ್ಲಿ ಮಿನಿಮೆಡ್ 780ಜಿ ಇನ್ಸುಲಿನ್ ಪಂಪ್: ಕಾವಲು ಎಲ್ಲಿ ಗಟ್ಟಿ, ಎಲ್ಲಿ ಸಡಿಲು

ಮೆಡ್‌ಟ್ರಾನಿಕ್ ಕಂಪನಿಯ ಈ ಪಂಪ್, ಸಕ್ಕರೆ ಕಾಯಿಲೆಯವರ ಮೈಗೆ ಸಣ್ಣ ಕೊಳವೆಯಿಂದ ಹಗಲಿರುಳು ಇನ್ಸುಲಿನ್ ಬಿಡುವ ಮಷಿನ್. ಇದರ ಬಗ್ಗೆ ವಿಚಾರಿಸುವ ತಂದೆತಾಯಿಯರ ಮೊದಲ ಭಯ ಒಂದೇ: ರಾತ್ರಿ ಮಗು ಮಲಗಿದಾಗ ಮಷಿನ್ ತಾನಾಗೇ ಇನ್ಸುಲಿನ್ ಜಾಸ್ತಿ ಬಿಟ್ಟರೆ ಏನು ಗತಿ? ಭಯ ಸಹಜ. ಆದರೆ ಈ ಪಂಪಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಕಾವಲು ಇರುವುದೇ ಅಲ್ಲಿ. ಸಡಿಲ ಇರುವುದು ಬೇರೆ ಕಡೆ: ಇನ್ಸುಲಿನ್ ಮೈಗೆ ಸೇರದೇ ಹೋದಾಗ, ಇಲ್ಲವೇ ಸೇರಿದ ಇನ್ಸುಲಿನ್ ಬಿಸಿಲಿಗೆ ಸತ್ತುಹೋಗಿದ್ದಾಗ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಕೊಳ್ಳುವವರು ಮೊದಲು ಕೇಳಬೇಕಾದ್ದು ಈ ಎರಡನೆಯ ಪ್ರಶ್ನೆ.

ಪಂಪಿನ ಕೆಲಸ ಹೀಗೆ. ಚರ್ಮದಡಿಯ ಗಾರ್ಡಿಯನ್ 4 ಸೆನ್ಸರ್ 5 ನಿಮಿಷಕ್ಕೊಮ್ಮೆ ಶುಗರ್ ಅಂಕಿ ಕಳಿಸುತ್ತದೆ. ಅದನ್ನು ನೋಡಿ ಸ್ಮಾರ್ಟ್‌ಗಾರ್ಡ್ ಎಂಬ ವ್ಯವಸ್ಥೆ ಬೇಸಲ್ ಇನ್ಸುಲಿನ್ (ದಿನವಿಡೀ ಸ್ವಲ್ಪ ಸ್ವಲ್ಪವೇ ಹೋಗುವ ಇನ್ಸುಲಿನ್) ಏರಿಸುತ್ತದೆ, ಇಳಿಸುತ್ತದೆ, ಬೇಕಾದರೆ ಪೂರ್ತಿ ನಿಲ್ಲಿಸುತ್ತದೆ. ಶುಗರಿನ ಗುರಿ 100, 110 ಅಥವಾ 120 (ಡೆಸಿಲೀಟರಿಗೆ ಮಿಲಿಗ್ರಾಂ). ಯಾವುದೆಂದು ವೈದ್ಯರು ಗೊತ್ತುಮಾಡುತ್ತಾರೆ. ಬೇಸಲ್ ತನ್ನ ಮಿತಿ ಮುಟ್ಟಿಯೂ ಶುಗರ್ 120ರ ಮೇಲೆಯೇ ನಿಂತಿದ್ದರೆ, ಸಣ್ಣ ಸಣ್ಣ ತಿದ್ದುಪಡಿ ಡೋಸುಗಳನ್ನು ತಾನೇ ಕೊಡುತ್ತದೆ. ದಿನಕ್ಕೆ ಕನಿಷ್ಠ 8 ಯೂನಿಟ್ ಇನ್ಸುಲಿನ್ ಬೇಕಿರುವವರಿಗಷ್ಟೇ ಈ ಸ್ವಯಂಚಾಲಿತ ವಿಧಾನ. ಊಟದ ಕಾರ್ಬೋಹೈಡ್ರೇಟ್ ಲೆಕ್ಕವನ್ನು ಮಾತ್ರ ಕೈಯಾರೆ ಹಾಕಲೇಬೇಕು. ‘ಪೂರ್ತಿ ಆಟೊಮ್ಯಾಟಿಕ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೆಚ್ಚಾಗದಂತೆ ತಡೆಯುವ ಕಾವಲು ಪದರ ಪದರವಾಗಿದೆ. ಹಿಂದಿನ ದಿನಗಳ ಬಳಕೆಯನ್ನು ನೋಡಿ ಪಂಪ್ ತನಗೆ ತಾನೇ ಒಂದು ಮೇಲ್ಮಿತಿ ಹಾಕಿಕೊಳ್ಳುತ್ತದೆ. ತುಂಬ ಹೊತ್ತು ಮೇಲ್ಮಿತಿಯಲ್ಲೋ ಕೆಳಮಿತಿಯಲ್ಲೋ ಸಿಕ್ಕಿಕೊಂಡರೆ, ಬೆರಳು ಚುಚ್ಚಿ ಮೀಟರ್ ಅಂಕಿ ಕೊಡಿ ಎಂದು ಕೇಳುತ್ತದೆ. ಸೆನ್ಸರ್ ಸಂಪರ್ಕ ತಪ್ಪಿದರೆ ಗರಿಷ್ಠ 4 ಗಂಟೆ ‘ಸೇಫ್ ಬೇಸಲ್’ ಎಂಬ ಸ್ಥಿರ ಪ್ರಮಾಣ ಕೊಟ್ಟು, ಆಮೇಲೆ ಮ್ಯಾನುಯಲ್‌ಗೆ, ಅಂದರೆ ಮೊದಲೇ ಹಾಕಿಟ್ಟ ಪ್ರಮಾಣಕ್ಕೆ, ಇಳಿಯುತ್ತದೆ. ಮ್ಯಾನುಯಲ್‌ನಲ್ಲಿಯೂ ‘ಲೋ ಆಗುವ ಮುನ್ನ ನಿಲ್ಲಿಸು’ ಎಂಬ ಆಯ್ಕೆ ಇದೆ (ಲೋ ಎಂದರೆ ಶುಗರ್ ತೀರ ಇಳಿಯುವುದು). ಸೆನ್ಸರ್ ಅಂಕಿ ಬರುತ್ತಿದ್ದರೆ ಅರ್ಧ ಗಂಟೆ ಮುಂದಿನದನ್ನು ಅಂದಾಜಿಸಿ ಇನ್ಸುಲಿನ್ ತಡೆಯುತ್ತದೆ, 2 ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ. ಇದನ್ನು ಮೊದಲೇ ಆನ್ ಮಾಡಿಸಿಡಿ, ಇಲ್ಲದಿದ್ದರೆ ಪಂಪ್ ಮ್ಯಾನುಯಲ್‌ಗೆ ಇಳಿದ ರಾತ್ರಿ ಕೆಳಗೆ ಬಲೆಯೇ ಇರುವುದಿಲ್ಲ.

ಹೊಸ ಪಂಪಿನಲ್ಲಿ ಒಂದು ಬೋಲಸ್‌ನ (ಊಟಕ್ಕೋ ತಿದ್ದುಪಡಿಗೋ ಒಮ್ಮೆಗೇ ಕೊಡುವ ಡೋಸಿನ) ಗರಿಷ್ಠ ಮಿತಿ 10 ಯೂನಿಟ್ ಎಂದಿರುತ್ತದೆ. ಊಟಕ್ಕೆ 3 ಯೂನಿಟ್ ಸಾಕಾಗುವ ಮಗುವಿಗೆ ಅದು ವಿಪರೀತ. ಮ್ಯಾನುಯಲ್‌ನಲ್ಲಿ 3ರ ಜಾಗದಲ್ಲಿ 8 ಒತ್ತಿದರೂ ಪಂಪ್ ತಡೆಯುವುದಿಲ್ಲ. ಮೊದಲ ದಿನವೇ ವೈದ್ಯರಿಂದ ಈ ಮಿತಿಯನ್ನು ಇಳಿಸಿಕೊಳ್ಳಿ.

ಈ ಗಟ್ಟಿ ಗೋಡೆಯಲ್ಲಿಯೂ ಒಂದು ಬಿರುಕಿದೆ, ಹೆಸರು ಪ್ಯಾರಾಸಿಟಮಾಲ್. ಜ್ವರಕ್ಕೆ ಮನೆಮನೆಯಲ್ಲಿ ನುಂಗುವ ಈ ಮಾತ್ರೆ ಗಾರ್ಡಿಯನ್ ಸೆನ್ಸರಿನಲ್ಲಿ ಇಲ್ಲದ ಶುಗರ್ ತೋರಿಸುತ್ತದೆ. ಪಂಪ್ ಆ ಸುಳ್ಳು ಅಂಕಿಯನ್ನು ನಂಬಿ ಇನ್ಸುಲಿನ್ ಬಿಡುತ್ತದೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯವರು ತೆಗೆದುಕೊಳ್ಳುವ ಹೈಡ್ರಾಕ್ಸಿಯೂರಿಯಾದಿಂದಲೂ ಇದೇ ಅಪಾಯ. ಪ್ಯಾರಾಸಿಟಮಾಲ್ ನುಂಗಿದ ಮೇಲೆ ಎಷ್ಟು ಗಂಟೆ ಮ್ಯಾನುಯಲ್‌ನಲ್ಲಿ ಇರಬೇಕು ಎಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಗ್ಲುಕೋಮೀಟರ್ ಅಂಕಿ ಮಾತ್ರ ನಂಬಿ. ನೆಗಡಿ ಜ್ವರದ ಮಿಶ್ರ ಮಾತ್ರೆಗಳಲ್ಲಿಯೂ ಅದು ಅಡಗಿರುತ್ತದೆ, ಪಟ್ಟಿಯ ಹಿಂಬದಿ ಓದಿ.

ಊಟದ ವಿಷಯ. 50 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 34 ಗ್ರಾಂ ಕಾರ್ಬ್ ಇರುತ್ತದೆ. ರೊಟ್ಟಿಯ ಅಗಲ ಮನೆಯಿಂದ ಮನೆಗೆ ಬೇರೆ, ಆದ್ದರಿಂದ ರೊಟ್ಟಿ ಎಣಿಸುವ ಬದಲು ಹಿಟ್ಟು ತೂಗಿ. ಒಂದು ವಾರ ತೂಗಿದರೆ ಕೈ ಪಳಗುತ್ತದೆ. ತೊಗರಿ ಬೇಳೆಯದ್ದೂ ಲೆಕ್ಕಕ್ಕೆ ಸೇರಬೇಕು. ಬೋಲಸ್ ಊಟಕ್ಕೆ 10-15 ನಿಮಿಷ ಮೊದಲು. ಮರೆತು, ಉಂಡು ಒಂದು ಗಂಟೆ ಆದಮೇಲೆ ಪೂರ್ತಿ ಕಾರ್ಬ್ ಹಾಕಬಾರದು: ಏರಿದ ಶುಗರ್ ನೋಡಿ ಪಂಪ್ ಆಗಲೇ ಇನ್ಸುಲಿನ್ ಕೊಟ್ಟಿರುತ್ತದೆ, ನೀವು ಮತ್ತೆ ಕೊಟ್ಟರೆ ಎರಡು ಸಲವಾಗುತ್ತದೆ. ಲೋ ಆದಾಗಲೂ ಹಳೆಯ ಅಭ್ಯಾಸ ಬದಲಿಸಬೇಕು. ಪಂಪ್ ಮೊದಲೇ ಬೇಸಲ್ ನಿಲ್ಲಿಸಿರುವುದರಿಂದ 15 ಗ್ರಾಂ ಸಕ್ಕರೆಯ ಬದಲು ಎಷ್ಟೋ ಸಲ 5ರಿಂದ 10 ಗ್ರಾಂ ಗ್ಲುಕೋಸ್ ಸಾಕು. ಆ ಗ್ಲುಕೋಸನ್ನು ಊಟವೆಂದು ಪಂಪಿಗೆ ಹೇಳಲೇಬಾರದು.

ಇನ್ನು ಸಡಿಲ ಕಾವಲು. ‘ಇನ್ಸುಲಿನ್ ಹರಿವು ತಡೆಯಾಗಿದೆ’ ಎಂಬ ಅಲಾರಂ ಇದೆ, ಆದರೆ ಅದು ಹುಡುಕುವುದು ಒತ್ತಡವನ್ನು. ಕೊಳವೆ ಪೂರ್ತಿ ಮುಚ್ಚಿ ಹಿಂದೊತ್ತಡ ಬೆಳೆದರೆ ಕೂಗುತ್ತದೆ. ಬೇಸಲ್ ಎಷ್ಟು ಕಡಿಮೆಯೋ ಒತ್ತಡ ಬೆಳೆಯಲು ಅಷ್ಟು ಹೆಚ್ಚು ಹೊತ್ತು ಬೇಕು. ಸಣ್ಣ ಮಕ್ಕಳಲ್ಲಿ ಗಂಟೆಗಟ್ಟಲೆ. ಕ್ಯಾನುಲಾ (ಚರ್ಮದೊಳಗೆ ಇರುವ ಸಣ್ಣ ನಳಿಕೆ) ಹೊರಗೆ ಜಾರಿ ಇನ್ಸುಲಿನ್ ಅಂಟುಪಟ್ಟಿಯಡಿ ಸೋರುತ್ತಿದ್ದರೆ ಒತ್ತಡವೇ ಇಲ್ಲ, ಅಲಾರಂ ಕೂಗುವುದೇ ಇಲ್ಲ. ಕೊಳವೆಯಲ್ಲಿ ಗಾಳಿಗುಳ್ಳೆ ಹೋದರೂ ಪಂಪಿಗೆ ಅದು ಇನ್ಸುಲಿನ್ನೇ. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ, ಹಿಂದೆ ದೀರ್ಘಾವಧಿಯದು ಯಾವುದೂ ಇಲ್ಲ. ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನು ಉರಿಸಿದಾಗ ರಕ್ತದಲ್ಲಿ ಸೇರುವ ಆಮ್ಲ) ಏರತೊಡಗುತ್ತದೆ.

ಆದ್ದರಿಂದ ಮೀಟರಿನಲ್ಲಿ ಶುಗರ್ 250 ದಾಟಿದರೆ ಮೊದಲು ಕೀಟೋನ್ ನೋಡಿ. ರಕ್ತದ ಕೀಟೋನ್ 0.6ಕ್ಕಿಂತ ಕಡಿಮೆ ಇದ್ದರೆ ಪಂಪಿನಿಂದ ಒಂದು ತಿದ್ದುಪಡಿ ಕೊಟ್ಟು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ, ಅಥವಾ ಕೀಟೋನ್ ಮೊದಲೇ ಏರಿದ್ದರೆ, ಪಂಪಿನ ಮಾತು ಬಿಡಿ: ಇನ್ಸುಲಿನ್ನನ್ನು ಪೆನ್ ಅಥವಾ ಸಿರಿಂಜಿನಲ್ಲಿ ಕೊಡಿ, ಸೆಟ್ (ಕೊಳವೆ ಮತ್ತು ಕ್ಯಾನುಲಾ), ರಿಸರ್ವಾಯರ್ (ಪಂಪಿನೊಳಗೆ ಇನ್ಸುಲಿನ್ ತುಂಬುವ ಡಬ್ಬಿ), ಒಳಗಿನ ಇನ್ಸುಲಿನ್ ಮೂರನ್ನೂ ಬದಲಿಸಿ. ಸಿರಿಂಜಿನಲ್ಲಿ ಕೊಟ್ಟದ್ದು ಪಂಪಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಮುಂದಿನ ಸುಮಾರು 4 ಗಂಟೆ ಸ್ಮಾರ್ಟ್‌ಗಾರ್ಡ್ ಆಫ್ ಇರಲಿ. ಕೀಟೋನ್ 1.5 ದಾಟಿದರೆ ವೈದ್ಯರಿಗೆ ಫೋನ್, 3 ಮುಟ್ಟಿದರೆ ಅಥವಾ ವಾಂತಿ ಶುರುವಾದರೆ ನೇರ ಆಸ್ಪತ್ರೆಗೆ.

ಬಿಸಿಲು ಬಂದಾಗ ಈ ಸಡಿಲ ಇನ್ನಷ್ಟು ಅಗಲವಾಗುತ್ತದೆ. ಪಂಪ್ ಕೆಲಸ ಮಾಡುವುದು 5ರಿಂದ 40 ಡಿಗ್ರಿಯೊಳಗೆ. ಒಳಗಿನ ಇನ್ಸುಲಿನ್ 37 ಡಿಗ್ರಿ ದಾಟಬಾರದು. ಜಗತ್ ಸರ್ಕಲ್‌ನಲ್ಲಿ ಮಧ್ಯಾಹ್ನ ಬೈಕ್ ನಿಲ್ಲಿಸಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಡಿಕ್ಕಿಯೊಳಗಿನ ವಯಲ್ ಕೆಟ್ಟಿರಬಹುದು, ಬಣ್ಣ ಮಾತ್ರ ಹಾಗೆಯೇ ತಿಳಿಯಾಗಿರುತ್ತದೆ. ಇದಕ್ಕೆ ಯಾವ ಅಲಾರಮ್ಮೂ ಇಲ್ಲ. ಬೇಸಿಗೆಯಲ್ಲಿ 300 ಯೂನಿಟ್ ರಿಸರ್ವಾಯರ್ ತುಂಬಿಸದೆ ಎರಡು ದಿನಕ್ಕೆ ಸಾಲುವಷ್ಟೇ ತುಂಬಿಸಿ, ಎರಡು ದಿನ ಮುಗಿದ ಮೇಲೆ ಉಳಿದದ್ದನ್ನು ಎಸೆಯಿರಿ. ಪಂಪ್ ಬೆಲ್ಟಿನ ಹೊರಗೆ ಬಿಸಿಲಿಗೆ ನೇತಾಡದೆ ಹತ್ತಿ ಅಂಗಿಯೊಳಗೆ ಇರಲಿ. ಕೊಳವೆಯನ್ನೂ ಒಳಗೇ ಸೇರಿಸಿ, ಅದರಲ್ಲಿಯೂ ಇನ್ಸುಲಿನ್ ನಿಂತಿರುತ್ತದೆ. ಬೆವರಿಗೆ ಅಂಟು ಬಿಡುವವರು ಚರ್ಮ ಪೂರ್ತಿ ಒಣಗಿಸಿ, ಫ್ಯಾನ್ ಕೆಳಗೆ ಕೂತು ಹಚ್ಚಬೇಕು.

ತುಂಬಿಸುವಾಗಿನ ತಪ್ಪುಗಳೇ ಹೆಚ್ಚಿನ ತೊಂದರೆಗೆ ಮೂಲ. ಫ್ರಿಜ್‌ನಿಂದ ತೆಗೆದ ತಣ್ಣನೆ ಇನ್ಸುಲಿನ್ ತುಂಬಿಸಿದರೆ ಆಮೇಲೆ ಗುಳ್ಳೆ ಏಳುತ್ತದೆ. ಕೋಣೆಯ ತಂಪು ಜಾಗದಲ್ಲಿ ಸ್ವಲ್ಪ ಹೊತ್ತು ಇಟ್ಟು ತುಂಬಿಸಿ. ರಿವೈಂಡ್ ಮಾಡುವ (ಹೊಸ ರಿಸರ್ವಾಯರ್ ಕೂರಿಸಲು ಪಂಪಿನೊಳಗಿನ ದಂಡವನ್ನು ಹಿಂದಕ್ಕೆ ಸರಿಸುವ) ಮೊದಲು ಸೆಟ್ ಮೈಯಿಂದ ಬಿಚ್ಚಿರಲೇಬೇಕು. ಕೊಳವೆ ತುಂಬಿಸುವಾಗ ಮೈಗೆ ಅಂಟಿದ್ದರೆ ಅಷ್ಟೂ ಇನ್ಸುಲಿನ್ ಒಳಗೆ ಹೋಗುತ್ತದೆ, ಆಗ ಯಾವ ಸ್ಮಾರ್ಟ್‌ಗಾರ್ಡ್ ಕೂಡ ತಡೆಯಲಾರದು. ರಿಸರ್ವಾಯರ್ ತಲೆಯ ಮೇಲಾಗಲಿ ಕನೆಕ್ಟರ್ ಒಳಗಾಗಲಿ ಇನ್ಸುಲಿನ್ ಹನಿ, ನೀರು, ಸ್ಪಿರಿಟ್ ಬೀಳಬಾರದು. ಅಲ್ಲಿನ ಗಾಳಿರಂಧ್ರ ಮುಚ್ಚಿದರೆ ಡೋಸ್ ಹೆಚ್ಚೋ ಕಡಿಮೆಯೋ ಆಗುತ್ತದೆ. ತುದಿಯಲ್ಲಿ ಹನಿ ಕಂಡ ಮೇಲೆ ಚುಚ್ಚಿ, ಕ್ಯಾನುಲಾ ತುಂಬಿಸಿ: ಕ್ವಿಕ್-ಸೆಟ್ ಎಂಬ ಸೆಟ್ಟಿನ ಕ್ಯಾನುಲಾ 6 ಮಿಲಿಮೀಟರಿನದಾದರೆ 0.3 ಯೂನಿಟ್, 9ರದ್ದಾದರೆ 0.5. ಈ ಕೆಲಸ ಬೆಳಿಗ್ಗೆ ಮಾಡಿ, 2 ಗಂಟೆ ಬಿಟ್ಟು ಶುಗರ್ ನೋಡಿ. ರಾತ್ರಿ ಮಲಗುವ ಮುನ್ನ ಸೆಟ್ ಬದಲಿಸುವುದು ಕೆಟ್ಟ ಅಭ್ಯಾಸ. ಸ್ನಾನಕ್ಕೆ ಬಿಚ್ಚುವಾಗ ಸಸ್ಪೆಂಡ್ ಒತ್ತಿ, ಇಲ್ಲದಿದ್ದರೆ ನೆಲಕ್ಕೆ ಸುರಿದದ್ದನ್ನೂ ಮೈಗೆ ಹೋಯಿತೆಂದು ಪಂಪ್ ಲೆಕ್ಕ ಹಿಡಿಯುತ್ತದೆ.

ಕರೆಂಟ್ ಹೋಗುವ ಊರಿಗೆ ಬ್ಯಾಟರಿ ವ್ಯವಸ್ಥೆ ಒಳ್ಳೆಯದು: ಪಂಪಿಗೆ ಒಂದು ಎಎ ಸೆಲ್, ಸೆನ್ಸರ್ ಅಂಕಿಯನ್ನು ಪಂಪಿಗೆ ಕಳಿಸುವ ಟ್ರಾನ್ಸ್‌ಮಿಟರ್‌ನ ಚಾರ್ಜರಿಗೆ ಒಂದು ಎಎಎ. ಆದರೆ ಕೆಳಗೆ ಬಿದ್ದ 600 ಮತ್ತು 700 ಸರಣಿಯ ಪಂಪುಗಳಲ್ಲಿ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು 2024ರಲ್ಲಿ ಎಚ್ಚರಿಕೆ ಹೊರಟಿತ್ತು. ಪಂಪ್ ನೆಲಕ್ಕೆ ಬಿದ್ದಿದ್ದರೆ ಸೆಲ್ ಎಷ್ಟು ದಿನ ಬಾಳುತ್ತದೆ ಎಂದು ಲೆಕ್ಕ ಇಡಿ.

ಮಕ್ಕಳಿಗೆ ರಾತ್ರಿ ಪದೇ ಪದೇ ಲೋ ಆಗುತ್ತಿರುವ, ಮನೆಯಲ್ಲಿ ಒಬ್ಬರಾದರೂ ಲೆಕ್ಕ ಹಿಡಿದು ಕೂರಬಲ್ಲ ಕುಟುಂಬಕ್ಕೆ ಈ ಪಂಪ್ ಖಂಡಿತ ಯೋಗ್ಯ. ಬೆಲೆ ಪಂಪಿಗಷ್ಟೇ ಮುಗಿಯುವುದಿಲ್ಲ, ಸೆನ್ಸರ್ 7 ದಿನಕ್ಕೆ ಮುಗಿಯುತ್ತದೆ. ತಿಂಗಳ ಸಾಮಾನು ಕೊರಿಯರಿನಲ್ಲಿ ತಡವಾಗಬಹುದು, ಹದಿನೈದು ದಿನದ್ದು ಮುಂಚೆಯೇ ಮನೆಯಲ್ಲಿರಲಿ.

ಕೊನೆಯದಾಗಿ ಸಿರಿಂಜ್. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಎಂಎಲ್‌ಗೆ 40 ಯೂನಿಟ್‌ನ ವಯಲ್ ಇನ್ನೂ ಸಾಮಾನ್ಯ. ಪಂಪಿಗೆ ಬೇಕಾದದ್ದು 100 ಯೂನಿಟ್‌ನ ನೋವೋರ‍್ಯಾಪಿಡ್, ಹ್ಯೂಮಲಾಗ್ ಥರದ್ದು ಮಾತ್ರ. ಪಂಪ್ ಕೆಟ್ಟ ರಾತ್ರಿ ಗಾಬರಿಯಲ್ಲಿ ಆ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಕೆಂಪು ಮುಚ್ಚಳದ್ದು 40ರ ಸಿರಿಂಜ್, ಕಿತ್ತಳೆ ಮುಚ್ಚಳದ್ದು 100ರದ್ದು. ಪಂಪ್ ಇರುವ ಮನೆಯಲ್ಲಿ ಕೆಂಪು ಮುಚ್ಚಳದ್ದು ಒಂದೂ ಇಟ್ಟುಕೊಳ್ಳಬೇಡಿ.