ಮಂಡಿಪೇಟೆಯ ರಿಪೇರಿ ಅಂಗಡಿ: ಕೆಟ್ಟದ್ದು ರೂಟರ್ ಅಲ್ಲ, ಅಡಾಪ್ಟರ್

ದಾವಣಗೆರೆಯ ಮಂಡಿಪೇಟೆಯಲ್ಲಿ ಮಿಕ್ಸಿ, ಎಮರ್ಜೆನ್ಸಿ ಲೈಟು, ಸೆಟ್‌ಟಾಪ್ ಬಾಕ್ಸ್ ರಿಪೇರಿ ಮಾಡುವ ಒಂದು ಕಿರಿದಾದ ಅಂಗಡಿಯಿದೆ. ಬೋರ್ಡಿನ ಬಣ್ಣ ಹೋಗಿರುವುದರಿಂದ ಹೆಸರು ಓದಲಾಗುವುದಿಲ್ಲ. ಕಳೆದ ತಿಂಗಳು ನಮ್ಮ ಮನೆಯ ವೈಫೈ ರೂಟರನ್ನು ಅಲ್ಲಿಗೆ ಒಯ್ದಿದ್ದೆ.

ರೂಟರಿನ ದೀಪಗಳೆಲ್ಲ ಎರಡು ಮೂರು ನಿಮಿಷಕ್ಕೊಮ್ಮೆ ಒಟ್ಟಿಗೆ ಆರಿ, ಮತ್ತೆ ಮೊದಲಿನಿಂದ ಹತ್ತಿಕೊಳ್ಳುತ್ತಿದ್ದವು. ಫೈಬರ್ ಕೇಬಲ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆ ನಮ್ಮಲ್ಲಿ ಬೇರೆಯೇ ಇದೆ. ಅದರಲ್ಲಿ ಲೈನು ಸೇರಿದೆ ಎಂದು ತೋರಿಸುವ ಪಾನ್ (PON) ದೀಪ ಹಸಿರಾಗಿ ನಿಂತಿತ್ತು, ಸಿಗ್ನಲ್ ಬಾರದಿದ್ದಾಗ ಹತ್ತುವ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿರಲಿಲ್ಲ. ಆದ್ದರಿಂದ ಹೊರಗಿನ ಲೈನು ಸರಿಯಾಗಿದೆ ಎಂಬುದು ಖಚಿತವಾಗಿತ್ತು. ಇಂಟರ್‌ನೆಟ್ ಕೊಟ್ಟವರ ದೂರು ವಿಭಾಗಕ್ಕೆ ಫೋನ್ ಮಾಡಿದರೆ, ಅವರು ದೀಪಗಳ ವಿಷಯವನ್ನೇ ವಿಚಾರಿಸದೆ, ರೂಟರ್ ಸುಟ್ಟುಹೋಗಿದೆ, ಹೊಸದಕ್ಕೆ 1,900 ರೂಪಾಯಿ ಆಗುತ್ತದೆ ಎಂದುಬಿಟ್ಟರು.

ಅಂಗಡಿಯವರು ಮೊದಲು ಕೇಳಿದ್ದು, "ರೀಸೆಟ್ ಒತ್ತಿ ತಂದೀರೇನ್ರೀ ಸರ?" ಎಂದು. ಇಲ್ಲ ಎಂದೆ. "ಒಳ್ಳೇದಾತು ಬಿಡ್ರಿ" ಎಂದರು. ರೀಸೆಟ್ ಗುಂಡಿಯನ್ನು ಸುಮಾರು ಹತ್ತು ಸೆಕೆಂಡು ಒತ್ತಿ ಹಿಡಿದರೆ ವೈಫೈ ಹೆಸರು, ಪಾಸ್‌ವರ್ಡ್ ಮಾತ್ರವಲ್ಲ, ಸಂಪರ್ಕಕ್ಕೆ ಬೇಕಾದ ಪಿಪಿಪಿಒಇ ಯೂಸರ್‌ನೇಮ್ ಕೂಡ ಅಳಿಸಿಹೋಗುತ್ತದೆ. ಅದನ್ನು ಬರೆದಿಟ್ಟುಕೊಳ್ಳದವರಿಗೆ ಒಂದು ತೊಂದರೆ ಹೋಗಿ ಎರಡಾಗುತ್ತವೆ.

ನಂತರ ಅವರು ರೂಟರನ್ನು ಮುಟ್ಟಲಿಲ್ಲ, ಅಡಾಪ್ಟರನ್ನು ಕೈಗೆತ್ತಿಕೊಂಡರು. ಅದರ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿತ್ತು. ಮಲ್ಟಿಮೀಟರ್ ಇಟ್ಟಾಗ 12.1 ತೋರಿಸಿತು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಅಡಾಪ್ಟರ್ ಸರಿಯಿದೆ ಎಂದು ಹೇಳಿ ರೂಟರನ್ನು ಬಿಚ್ಚುತ್ತಿದ್ದರೇನೋ. ಇವರು ಮಾತ್ರ ಬೈಕಿನ ಇಂಡಿಕೇಟರಿನ 10 ವಾಟ್ ಬಲ್ಬೊಂದನ್ನು ಅದೇ ತಂತಿಗೆ ತಗುಲಿಸಿದರು. ಬಲ್ಬು ಮಂಕಾಗಿ ಉರಿಯುತ್ತ ನಡುಗತೊಡಗಿತು. ಮೀಟರಿನ ಅಂಕಿ ನಮ್ಮ ಕಣ್ಣೆದುರೇ 8ರ ಹತ್ತಿರಕ್ಕೆ ಇಳಿಯಿತು. ಏನನ್ನೂ ತಗುಲಿಸದಾಗ ಸರಿಯಾಗಿಯೇ ಕಾಣುವ ಅಡಾಪ್ಟರ್, ಕರೆಂಟು ಎಳೆದ ಕೂಡಲೇ ಸೋಲುತ್ತಿತ್ತು. ಮನೆಯಲ್ಲಿ ಟಿವಿಯೂ ಮಗಳ ಆನ್‌ಲೈನ್ ಪಾಠವೂ ಒಟ್ಟಿಗೆ ನಡೆಯುವಾಗಲೇ ರೂಟರ್ ಹೆಚ್ಚು ಸಲ ಆರುತ್ತಿದ್ದುದು ಏಕೆಂದು ನನಗೆ ಆಗ ತಿಳಿಯಿತು. ಅಡಾಪ್ಟರಿನ ಪ್ಲಾಸ್ಟಿಕ್ ಕವಚವನ್ನು ಒಡೆದು ತೋರಿಸಿದಾಗ, ಒಳಗೆ ವೋಲ್ಟೇಜನ್ನು ಏರಿಳಿತವಿಲ್ಲದೆ ಇಡುವ ಕೆಪಾಸಿಟರ್ ಒಂದರ ತಲೆ ಪೂರಿಯಂತೆ ಉಬ್ಬಿತ್ತು.

ಒಂದು ಆಕ್ಷೇಪಣೆಯನ್ನೂ ಹೇಳಲೇಬೇಕು. ಅವರು ಮೊದಲು ತೆಗೆದುಕೊಟ್ಟ 180 ರೂಪಾಯಿಯ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಗುರುತಾಗಲಿ, ನೋಂದಣಿ ಸಂಖ್ಯೆಯಾಗಲಿ ಇರಲಿಲ್ಲ. ಹಗಲು ರಾತ್ರಿ ಗೋಡೆಯ ಪ್ಲಗ್ಗಿನಲ್ಲೇ ಇರುವ ವಸ್ತುವಿನಲ್ಲಿ ಇಂಥ ಉಳಿತಾಯ ಸರಿಯಲ್ಲ. ಕೇಳಿದ ಮೇಲೆ ಗುರುತಿರುವುದನ್ನು 350 ರೂಪಾಯಿಗೆ ಕೊಟ್ಟರು. ಗಿರಾಕಿ ಕೇಳುವ ಮುನ್ನವೇ ಅದನ್ನು ಮುಂದಿಡಬೇಕಿತ್ತು. ಬಿಲ್ಲನ್ನೂ ಕೇಳಿಯೇ ಪಡೆಯಬೇಕಾಯಿತು. ಆದರೆ ಕೊಡುವ ಮುನ್ನ ಹೊಸ ಅಡಾಪ್ಟರಿಗೂ ಅದೇ ಬಲ್ಬು ಹಚ್ಚಿ, ಪಿನ್ನಿನ ಒಳಭಾಗ ಪ್ಲಸ್ ಇರುವುದನ್ನು ಮೀಟರಿನಲ್ಲಿ ತೋರಿಸಿ, 5 ಮತ್ತು 9 ವೋಲ್ಟಿನ ಅಡಾಪ್ಟರುಗಳಿಗೂ ಇದೇ ಗಾತ್ರದ ಪಿನ್ ಇರುತ್ತದಾದ್ದರಿಂದ ಪಿನ್ ಕೂತಿತೆಂದು ಯಾವುದನ್ನೋ ಚುಚ್ಚಬಾರದೆಂದು ತಿಳಿಸಿದರು. ಪರೀಕ್ಷೆಗೆಂದು ಬೇರೆ ಹಣ ಕೇಳಲಿಲ್ಲ.

ಮೂರು ವಾರಗಳಿಂದ ಅದೇ ಹಳೆಯ ರೂಟರ್ ಒಮ್ಮೆಯೂ ಆರದೆ ನಡೆಯುತ್ತಿದೆ. ಅಲ್ಲಿಗೆ ಹೋಗುವವರು ರೂಟರ್ ಜೊತೆಗೆ ಅಡಾಪ್ಟರನ್ನೂ ತಪ್ಪದೆ ಒಯ್ಯಬೇಕು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ.