ಪ್ರಾಯಶ್ಚಿತ್ತದ ಮೇಲಿನ ಆನ್‌ಲೈನ್ ಕ್ಲಾಸ್, ಸೇರೋ ಯೋಚ್ನೆ ಇರೋರಿಗೆ

ತಪ್ಪು ಮಾಡಿದ್ಮೇಲೆ ಅದನ್ನ ತೀರಿಸ್ಕೊಳ್ಳೋದು ಅಂದ್ರೆ ಏನು, ಬೇರೆ ಬೇರೆ ಧರ್ಮದಲ್ಲಿ ಹೇಗೆ ಮಾಡ್ತಾರೆ ಅನ್ನೋದರ ಬಗ್ಗೆ ಇರೋ ಈ ಕ್ಲಾಸ್ ಮುಗಿಸಿದೀನಿ. ರೆಕಾರ್ಡ್ ಮಾಡಿರೋ ವಿಡಿಯೋಗಳು, ಜೊತೆಗೆ ಲೈವ್ ಆಗಿ ಪ್ರಶ್ನೆ ಕೇಳೋ ಅವಕಾಶ. ನಾಲ್ಕು ಸ್ಟಾರ್ ಕೊಡ್ತೀನಿ.

ಶುರುವಲ್ಲೇ ಮನುಸ್ಮೃತಿಯ 11ನೇ ಅಧ್ಯಾಯ ತಗೋತಾರೆ. ನಾನು ಪ್ರಾಯಶ್ಚಿತ್ತ ಅಂದ್ರೆ ಉಪವಾಸ, ಹೋಮ ಅಷ್ಟೇ ಅಂದ್ಕೊಂಡಿದ್ದೆ, ಆದ್ರೆ ಅಲ್ಲಿ ಪಾಪ ಕಳೆಯೋ ದಾರಿಗಳನ್ನ ಹೇಳೋ ಶ್ಲೋಕದಲ್ಲಿ ಮೊದಲು ಬರೋದು ಮಾಡಿದ್ದನ್ನ ಬಾಯ್ಬಿಟ್ಟು ಹೇಳೋದು, ಆಮೇಲೆ ಪಶ್ಚಾತ್ತಾಪ, ತಪಸ್ಸು ಅಧ್ಯಯನ ಎಲ್ಲ ಅದಾದ್ಮೇಲೆ, ಕಷ್ಟಕಾಲದಲ್ಲಿ ಇದ್ದರೆ ದಾನ. ಇನ್ನೊಂದು ಕಡೆ, ಬೇರೆಯವರ ಮನೆಯಿಂದ ಸಣ್ಣಪುಟ್ಟ ವಸ್ತು ಕದ್ದವನು ಕೃಚ್ಛ್ರ ಅನ್ನೋ ಕಠಿಣ ಉಪವಾಸದ ವ್ರತ ಮಾಡ್ಬೇಕು ಸರಿ, ಆದ್ರೆ ಕದ್ದಿದ್ದನ್ನ ವಾಪಸ್ ಕೊಟ್ಟು ಮಾಡ್ಬೇಕು ಅಂತ ಇದೆ. ಮಾಲು ಮನೇಲಿಟ್ಕೊಂಡು ವ್ರತ ಮಾಡಿದ್ರೆ ಆಗಲ್ಲ! ಅದೇ ಅಧ್ಯಾಯದಲ್ಲಿ ಕೊಲೆಯ ಪ್ರಾಯಶ್ಚಿತ್ತ ಸತ್ತವನ ಜಾತಿ ನೋಡಿ ಕಮ್ಮಿ ಆಗ್ತಾ ಹೋಗೋದನ್ನೂ, ಶೂದ್ರನಾದ್ರೆ ಬ್ರಹ್ಮಹತ್ಯೆಯ (ಬ್ರಾಹ್ಮಣನ ಕೊಲೆಯ) ಪ್ರಾಯಶ್ಚಿತ್ತದ ಹದಿನಾರರಲ್ಲಿ ಒಂದು ಭಾಗ ಅಂತ ಇರೋದನ್ನೂ, ಪಾಠ ಮಾಡೋ ಮೇಡಂ ಮುಚ್ಚಿಡ್ದೆ ಓದಿ ಇದು ಅನ್ಯಾಯ ಅಂತ ನೇರವಾಗಿ ಹೇಳಿದ್ರು, ಅದಕ್ಕೆ ನನಗೆ ಅವರ ಮೇಲೆ ತುಂಬಾ ಗೌರವ ಬಂತು.

ಚಾಂದ್ರಾಯಣ ವ್ರತದ ವಿಡಿಯೋನೂ ಚೆನ್ನಾಗಿದೆ. ಹುಣ್ಣಿಮೆಗೆ 15 ತುತ್ತು, ದಿನಕ್ಕೊಂದು ತುತ್ತು ಕಮ್ಮಿ ಮಾಡ್ತಾ ಅಮಾವಾಸ್ಯೆಗೆ ಪೂರ್ತಿ ಉಪವಾಸ, ಮತ್ತೆ ಒಂದೊಂದೇ ಏರಿಸೋದು. ಜೈನರ ಪ್ರತಿಕ್ರಮಣ (ಮಾಡಿದ ತಪ್ಪುಗಳನ್ನ ನೆನೆದು ಒಪ್ಕೊಳ್ಳೋದು), ಇಸ್ಲಾಮಿನ ತೌಬಾ (ತಪ್ಪು ಬಿಟ್ಟು ದೇವರ ಕಡೆ ತಿರುಗೋದು), ಅದೇ ಇಸ್ಲಾಮಲ್ಲಿ ಆಣೆ ಮುರಿದ್ರೆ ಹತ್ತು ಜನ ಬಡವರಿಗೆ ಊಟ ಹಾಕೋದೋ ಬಟ್ಟೆ ಕೊಡೋದೋ, ಅದೂ ಆಗದಿದ್ರೆ ಮೂರು ದಿನ ಉಪವಾಸ ಅನ್ನೋದು, ಇವೆಲ್ಲ ಬರತ್ತೆ ಆದ್ರೆ ಓಡಿಸ್ಕೊಂಡ್ ಹೋಗ್ತಾರೆ.

ನನಗೆ ಅತಿ ಹೆಚ್ಚು ಬೇಕಾಗಿದ್ದು ಯಹೂದಿಗಳ ಬಗ್ಗೆ ಇರೋ ಪಾಠದಲ್ಲಿ ಸಿಕ್ತು. ಯೋಮ್ ಕಿಪ್ಪುರ್, ಅಂದ್ರೆ ವರ್ಷಕ್ಕೊಮ್ಮೆ ಬರೋ ಅವರ ಪ್ರಾಯಶ್ಚಿತ್ತದ ದಿನ, ಎಷ್ಟೇ ಉಪವಾಸ ಪ್ರಾರ್ಥನೆ ಮಾಡಿದ್ರೂ ಅದು ದೇವರಿಗೆ ಮಾಡಿದ ತಪ್ಪಿಗೆ ಮಾತ್ರ, ಮನುಷ್ಯನಿಗೆ ಮಾಡಿದ್ದಕ್ಕೆ ಆ ಮನುಷ್ಯನ ಹತ್ರಾನೇ ಹೋಗಿ ಸಮಾಧಾನ ಮಾಡ್ಬೇಕು. ಸರಿ, ಅವ್ರು ತೀರ್ಕೊಂಡಿದ್ರೆ? ಹತ್ತು ಜನರನ್ನ ಕರ್ಕೊಂಡು ಸಮಾಧಿ ಹತ್ರ ಹೋಗಿ ಎಲ್ಲರ ಮುಂದೆ ತಪ್ಪು ಒಪ್ಕೋಬೇಕು, ದುಡ್ಡು ಬಾಕಿ ಇದ್ರೆ ವಾರಸುದಾರರಿಗೆ ಕೊಡ್ಬೇಕು. ಕ್ಷಮೆ ಕೇಳೋಕೆ ಆ ಮನುಷ್ಯನೇ ಇಲ್ಲ ಅಂತ ಒಳಗೊಳಗೇ ಕೊರಗೋ ಜನ ಎಷ್ಟೊಂದಿದಾರೆ, ಅವರಿಗೂ ಮಾಡೋಕೆ ಒಂದು ಕೆಲಸ ಇದೆ ಅಂತ ಯಾರೋ ಅಷ್ಟು ಹಿಂದೆನೇ ಯೋಚ್ನೆ ಮಾಡಿಟ್ಟಿದಾರಲ್ಲ ಅಂತ ವಿಡಿಯೋ ನಿಲ್ಲಿಸಿ ಸುಮ್ನೆ ಕೂತ್ಬಿಟ್ಟೆ.

ಒಂದು ಸ್ಟಾರ್ ಕಟ್ ಮಾಡಿದ್ದು ದುಡ್ಡು ಕೊಟ್ಟು ಪಾಪ ತೀರಿಸೋ ವಿಷಯಕ್ಕೆ. ವ್ರತ ಮಾಡೋಕಾಗದವರು ಬದಲಿಗೆ ಗೋದಾನ, ಅದೂ ಆಗದಿದ್ರೆ ಹಸುವಿನ ಬೆಲೆ ಕೊಡಬಹುದು ಅಂತ ಧರ್ಮಶಾಸ್ತ್ರದಲ್ಲಿ ಇದೆ, ಕ್ಯಾಥೊಲಿಕ್ ಚರ್ಚಲ್ಲಿ ದುಡ್ಡಿಗೆ ಪಾಪದ ಶಿಕ್ಷೆ ಮನ್ನಾ ಪತ್ರ ಮಾರಿದ್ದಕ್ಕೇ 1517ರಲ್ಲಿ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಎದ್ದು ನಿಂತಿದ್ದು, ಇವೆರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಬೇಕಿತ್ತು. ಶ್ರೀಮಂತನಿಗೆ ತಪ್ಪು ತೀರಿಸೋದು ಸುಲಭ ಆಗ್ಬಿಟ್ರೆ ಅನ್ಯಾಯ ಆದವನ ಗತಿ ಏನು ಅಂತ ಲೈವಲ್ಲಿ ಕೇಳಿದೆ, ಟೈಮ್ ಇಲ್ಲ ಅಂದ್ರು.

ಆಡಿಯೋ ಕೆಲವು ಕಡೆ ಸಣ್ಣಗಿದೆ, ಇಯರ್‌ಫೋನ್ ಬೇಕು. ಎಲ್ಲಾ ನೋಡೋಕೆ ಪುರುಸೊತ್ತಿಲ್ಲ ಅಂದ್ರೆ ಮನುಸ್ಮೃತಿ ಮತ್ತೆ ಯೋಮ್ ಕಿಪ್ಪುರ್ ಪಾಠ ಎರಡನ್ನಾದ್ರೂ ನೋಡಿ.