ಹೊಸ ಕೋಚ್ ಸರ್‌ಗೆ ಒಂದ್ ಸೀಸನ್ನರ ಕೊಡ್ರಿ: ಹುಬ್ಬಳ್ಳಿ ಗೋಕುಲ ರೋಡ್ ಕಡೆ ಟರ್ಫಿನ ಫುಟ್ಬಾಲ್ ಕ್ಲಾಸ್ ರಿವ್ಯೂ

ನಾಕ್ ಸ್ಟಾರ್ ಕೊಡಾಕತ್ತೇನಿ. ಐದನೇದು ಯಾಕ ಕೊಡಲಿಲ್ಲ ಅನ್ನೋದ ಆಮ್ಯಾಲ ಹೇಳ್ತೇನಿ, ಮೊದಲ ಕೆಲವ ಪಾಲಕರು ಹೊಸ ಸರ್ ಮ್ಯಾಲ ಸಿಟ್ಟಾಗಿ ಒಂದೊಂದ ಸ್ಟಾರ್ ಹಾಕಿ "ಅನುಭವ ಇಲ್ಲದವರನ್ನ ತಂದ ಕುಂದರಿಸ್ಯಾರ" ಅಂತ ಬರದಾರಲ್ಲ, ಅದಕ್ಕ ಉತ್ತರ ಕೊಡಬೇಕಾಗೇತಿ.

ನಮ್ಮ ಮಗ ಅಂಡರ್ 12 ಬ್ಯಾಚಿನ್ಯಾಗ ಅದಾನ. ಹಳೇ ಸರ್ ಬೆಂಗಳೂರಿಗೆ ಹೋದ ಮ್ಯಾಗ ಅವರ ಕೈಯಾಗ ಅಸಿಸ್ಟೆಂಟ್ ಇದ್ದವರಿಗೇ ಪೂರಾ ಬ್ಯಾಚ್ ವಹಿಸಿ ಕೊಟ್ರು. ಸಣ್ಣ ವಯಸ್ಸು, ಎಐಎಫ್ಎಫ್ (ಭಾರತದ ಫುಟ್ಬಾಲ್ ಸಂಸ್ಥೆ) ಕೊಡೋ ಡಿ ಲೈಸೆನ್ಸ್, ಅಂದ್ರ ಶುರುವಾತಿನ ಕೋಚಿಂಗ್ ಕೋರ್ಸ್, ಮಾಡ್ಯಾರ, ಒಬ್ಬರ ಟೀಮ್ ನಡಸೂದು ಇದ ಮೊದಲ. ಬೆಳಗಾವಿ ಹುಡುಗೂರ ಜೋಡಿ ಫ್ರೆಂಡ್ಲಿ ಮ್ಯಾಚ್ ಸೋತ್ರು, ಆಮ್ಯಾಲ ಒಂದ ಟೂರ್ನಮೆಂಟಿನ್ಯಾಗ ಮೊದಲ ರೌಂಡಿಗೇ ಹೊರಗ ಬಿದ್ರು, ಅಷ್ಟ ಆಗೂದ ತಡ ಪಾರ್ಕಿಂಗಿನ್ಯಾಗ ನಿಂತ "ಫೀ ವಾಪಸ್ ಕೇಳೋಣ್ರಿ" ಅನ್ನೋ ಮಾತ ಸುರು ಆತು.

ನಾ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಫ್ಯಾನ್, ಇಂಥಾ ಮಾತ ಭಾಳ ಕೇಳೇನಿ. ಅರ್ಟೇಟಾ 2019ರ ಡಿಸೆಂಬರ್‌ನ್ಯಾಗ ಅಲ್ಲಿಗೆ ಕೋಚ್ ಆಗಿ ಬಂದಾಗ ಒಂದ ಟೀಮಿಗೂ ಮುಖ್ಯ ಕೋಚ್ ಆಗಿರಲಿಲ್ಲ, ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನೊಳಗ ಕೋಚ್ ಗಾರ್ಡಿಯೋಲಾ ಅವರ ಬಾಜೂಕ ಮೂರ ವರ್ಷ ಕುಂತ ಕಲ್ತಿದ್ರು ಅಷ್ಟ. 2020ರಾಗ ಎಫ್ಎ ಕಪ್ ಗೆದ್ರು ಖರೆ, ಆದ್ರ ಲೀಗಿನ್ಯಾಗ ಎರಡ ಸಲ 8ನೇ ಸ್ಥಾನ, ಮತ್ತ 2021ರ ಆಗಸ್ಟ್‌ನ್ಯಾಗ ಲೀಗಿನ ಮೊದಲ ಮೂರೂ ಮ್ಯಾಚ್ ಸೋತು, ಬ್ರೆಂಟ್‌ಫರ್ಡ್ 2-0, ಚೆಲ್ಸಿ 2-0, ಸಿಟಿ 5-0, ಒಂದ ಗೋಲ್ ಹೊಡಿಲಾರದ ಟೇಬಲ್ಲಿನ ತಳಕ್ಕ ಹೋಗಿದ್ವಿ. ಅವತ್ತ ಕ್ಲಬ್ಬಿನವರು ಕೋಚ್‌ನ್ನ ತಗೀರಿ ಅನ್ನೋ ಫ್ಯಾನ್ಸ್ ಮಾತ ಕೇಳಿದ್ರ ಮುಂದ 2022-23ರಿಂದ ಸಾಲಾಗಿ ಮೂರ ಸೀಸನ್ ಎರಡನೇ ಸ್ಥಾನಕ್ಕ ಬಂದ ಟೀಮ್ ನಾವ್ ನೋಡ್ತಿರಲಿಲ್ಲ.

ಹಂಗಂತ ಹೊಸಬರು ಅಂದ್ರ ಎಲ್ಲಾರನ್ನೂ ಕಣ್ಣ ಮುಚ್ಚಿ ನಂಬ್ರಿ ಅಂತ ನಾ ಹೇಳಂಗಿಲ್ಲ. ಇಟಲಿಯ ಹೆಸರಾಂತ ಆಟಗಾರ ಪಿರ್ಲೋನ್ನ 2020ರ ಜುಲೈ ಕೊನಿಗೆ ಅಲ್ಲಿನ ಯುವೆಂಟಸ್ ಕ್ಲಬ್ಬಿನ ಅಂಡರ್ 23 ಟೀಮಿಗೆ ಕೋಚ್ ಅಂತ ತಗೊಂಡು, ಅಲ್ಲಿ ಒಂದ ಮ್ಯಾಚೂ ನಡಸಲಾರದ, ಕೆಲವ ದಿನದಾಗ ಸೀದಾ ದೊಡ್ಡ ಟೀಮಿಗೆ ಕುಂದರಿಸಿದ್ರು. ಸಾಲಾಗಿ 9 ಸಲ ಲೀಗ್ ಗೆದ್ದ ಕ್ಲಬ್ ಆ ವರ್ಷ 4ನೇ ಸ್ಥಾನಕ್ಕ ಇಳೀತು, ಕೊಪ್ಪಾ ಇಟಾಲಿಯಾ ಕಪ್ ಗೆದ್ದರೂ ನೌಕರಿ ಹೋತು. ಅಲ್ಲಿ ಫ್ಯಾನ್ಸ್ ಆಗ್ಲಿ ಕ್ಲಬ್ ಆಗ್ಲಿ ನೋಡಿದ್ದು ಆಟಗಾರನ ಹೆಸರು, ಕಲಸೂದು ಎಲ್ಲಿ ಕಲ್ತಾನ ಅಂತ ಯಾರೂ ಕೇಳಲಿಲ್ಲ. ಗಾರ್ಡಿಯೋಲಾ ಬಾರ್ಸಿಲೋನಾ ಬಿ ಟೀಮ್ ನಡಿಸಿ ಬಂದವರು, 2008ರಾಗ ಅದ ಕ್ಲಬ್ಬಿನ ದೊಡ್ಡ ಟೀಮ್ ಹಿಡಿದು ಲೀಗಿನ ಮೊದಲ ಮ್ಯಾಚ್ ನುಮಾನ್ಸಿಯಾ ಅನ್ನೋ ಸಣ್ಣ ಕ್ಲಬ್ ಕೈಯಾಗ ಸೋತರೂ ಆ ಸೀಸನ್ನಿನ್ಯಾಗ ಮೂರೂ ದೊಡ್ಡ ಕಪ್ ಎತ್ತಿದ್ರು. ಅಷ್ಟ ದೂರ ಯಾಕ, ನಮ್ಮ ಬೆಂಗಳೂರು ಎಫ್‌ಸಿಗೆ 2013ರಾಗ ಬಂದ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನ್ಯಾಗ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದವರು, ಹೊಸಾ ಕ್ಲಬ್ಬು, ಮೊದಲನೇ ಸೀಸನ್ನಿಗೇ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದ್ರಲ್ಲ.

ನಮ್ಮ ಸರ್ ಎರಡ ವರ್ಷ ಇದ ಹುಡುಗೂರ ಜೋಡಿ ಅಸಿಸ್ಟೆಂಟ್ ಇದ್ದವರು, ಅದಕ್ಕ ನಾ ಸ್ಕೋರ್ ಬಿಟ್ಟ ಪ್ರಾಕ್ಟೀಸ್ ನೋಡಾಕ ಕುಂತೆ. ಮೊದಲ ಗೋಲಿ (ಗೋಲ್‌ಕೀಪರ್) ಜೋರ್ ಒದೀತಿದ್ದ, ಎಲ್ಲಾರೂ ಚೆಂಡಿನ ಹಿಂದ ಓಡ್ತಿದ್ರು. ಈಗ ಗೋಲಿ ಬಾಜೂದವಂಗ ಸಣ್ಣ ಪಾಸ್ ಕೊಡ್ತಾನ, ಚೆಂಡ ಕಾಲಿಗೆ ಬರೂಕಿಂತ ಮೊದಲ ಆ ಹುಡುಗ ಹೆಗಲ ಮ್ಯಾಲಿಂದ ಒಮ್ಮೆ ಹಿಂದ ನೋಡಬೇಕು. ನೋಡಲಿಲ್ಲಂದ್ರ ಸೀಟಿ. ಎಲ್ಲಾರೂ ನಿಂತಲ್ಲೇ ನಿಲ್ಲೂದು, ಸರ್ ಸನೇಕ ಹೋಗಿ "ನಿನಗೀಗ ಯಾರ್ಯಾರ ಕಾಣಾಕತ್ತಾರಪಾ?" ಅಂತ ಕೇಳ್ತಾರ, ಉತ್ತರ ತಾವ ಹೇಳಂಗಿಲ್ಲ, ಬೈಯಂಗೂ ಇಲ್ಲ. ಬೆಳಗಾವಿ ಮ್ಯಾಚಿನ್ಯಾಗ ಬಿದ್ದ ಎರಡೂ ಗೋಲ್ ಈ ಸಣ್ಣ ಪಾಸ್ ತಪ್ಪಿದ್ದಕ್ಕ ಬಿದ್ದಾವು. ಉದ್ದ ಒದ್ದಿದ್ರ ಅವತ್ತ ಉಳೀತಿದ್ವೇನೋ, ಆದ್ರ ಹನ್ನೊಂದ ವರ್ಷದ ಹುಡುಗೂರು ಈಗ ತಪ್ಪ ಮಾಡಲಿಲ್ಲಂದ್ರ ಮತ್ತ್ ಯಾವಾಗ ಮಾಡಬೇಕ್ರಿ?

ಈಗ ಆ ಐದನೇ ಸ್ಟಾರ್. ಅದನ್ನ ಕಡಿಮಿ ಮಾಡಿದ್ದು ಸರ್ ಸಲುವಾಗಿ ಅಲ್ಲ, ಮ್ಯಾನೇಜ್‌ಮೆಂಟ್ ಸಲುವಾಗಿ. ಅಸಿಸ್ಟೆಂಟನ್ನ ಮುಖ್ಯ ಕೋಚ್ ಮಾಡಿದ್ರಿ ಛಲೋ ಆತು, ಅವರ ಜಾಗಾಕ್ಕ ಇನ್ನೊಬ್ಬರನ್ನ ಯಾಕ ತರಲಿಲ್ಲ? ಇಪ್ಪತ್ತಕ್ಕಿಂತ ಜಾಸ್ತಿ ಹುಡುಗೂರಿಗೆ ಒಬ್ಬರ, ಗೋಲಿಗಳಿಗೆ ಬ್ಯಾರೆ ಪ್ರಾಕ್ಟೀಸ್ ನಿಂತ ಹೋಗೇತಿ. 2019ರಾಗ ಚೆಲ್ಸಿಗೆ ಕೋಚ್ ಆಗಿ ಬಂದ ಲ್ಯಾಂಪಾರ್ಡ್‌ಗೆ ಡರ್ಬಿ ಕ್ಲಬ್ಬಿನೊಳಗ ಒಂದ ಸೀಸನ್ ಬಿಟ್ರ ಅನುಭವ ಇರಲಿಲ್ಲ, ಮ್ಯಾಲ ಹೊಸ ಆಟಗಾರರನ್ನ ತಗೊಳ್ಳಾಕ ಬ್ಯಾನ್, ಅಂಥಾದ್ರಾಗೂ ಸಣ್ಣ ಹುಡುಗೂರನ್ನ ಆಡಿಸಿ 4ನೇ ಸ್ಥಾನಕ್ಕ ತಂದ್ರು. ಹೊಸಬರ ಕೈಯಾಗ ಟೀಮ್ ಕೊಟ್ಟವರು ಬೆನ್ನಿಗೂ ನಿಲ್ಲಬೇಕು, ಫ್ಯಾನ್ಸ್ ಸಿಟ್ಟು ಮಾತ್ರ ಯಾವತ್ತೂ ಕೋಚ್ ಮ್ಯಾಲ.

ಉಳಿದಿದ್ದು ಸಣ್ಣ ಸಣ್ಣ ವಿಷಯ. ಮೂಲ್ಯಾಗಿನ ಒಂದ ಫ್ಲಡ್‌ಲೈಟ್ ಹತ್ತಂಗಿಲ್ಲ, ಕುಡಿಯೋ ನೀರ ಮನಿಯಿಂದನ ತರ್ರಿ, ಟರ್ಫ್ ಬ್ಯಾಸಗ್ಯಾಗ ಐದ ಗಂಟೇಕೂ ಕಾದ ಇರ್ತೇತಿ, ಆರರ ಬ್ಯಾಚ್ ತಗೊಂಡ್ರ ಛಲೋ. ಪಾಲಕರಿಗೆ ಕುಂದರಾಕ ಬೆಂಚ್ ಅದಾವು, ಬರೇ ಕಡೀಕ ಬಂದ ಸ್ಕೋರ್ ಕೇಳೂಕಿಂತ ಒಂದ ದಿನ ಪೂರಾ ಕುಂತ ನೋಡ್ರಿ, ಆಮ್ಯಾಲ ನಿಮ್ಮ ಸ್ಟಾರ್ ಹಾಕ್ರಿ. ಮ್ಯಾನೇಜ್‌ಮೆಂಟಿನವರು ಇದನ್ನ ಓದಿದ್ರ ಮುಂದಿನ ತಿಂಗಳೊಳಗ ಒಬ್ಬರ ಅಸಿಸ್ಟೆಂಟ್ ಹಾಕ್ರಿ, ಫೀ ಸ್ವಲ್ಪ ಜಾಸ್ತಿ ಮಾಡಿದ್ರೂ ನಾ ಕೊಡ್ತೇನಿ.